ಹಳೆಯ ಹವ್ಯಾಸಿ ಯಂತ್ರಗಳೂ ಸಣ್ಣ ಅಲೆಯ ಚರಿತ್ರೆಯೂ

ಓದುಗರೆ, ನಿಮ್ಮ ಮನೆಯಲ್ಲಿ ಸಣ್ಣ ಅಲೆಗಳು ಸಿಕ್ಕುವ ಹಳೆಯ ರೇಡಿಯೋ ಇನ್ನೂ ಉಳಿದಿದ್ದರೆ, ಒಂದು ದಿನ ಬೆಳಗಿನ ಹೊತ್ತು ಅದರ ಮುಳ್ಳನ್ನು ೪೧ ಮೀಟರಿನ ಗುರುತಿನಿಂದ ೪೨ರ ಕಡೆಗೆ ಬಹಳ ಮೆಲ್ಲಗೆ ತಿರುಗಿಸಿ ನೋಡಿ. ಬಾತುಕೋಳಿಗಳು ಒಂದರೊಡನೊಂದು ಜಗಳವಾಡಿದಂತಹ ಸದ್ದು ಅಲ್ಲಿ ಕೇಳಿಸುವುದುಂಟು. ನಮ್ಮ ಮನೆಗಳ ಹಿರಿಯರು ಅದನ್ನು ಕೇಳಿ, "ಇದೇನೋ ಗಲಾಟೆ" ಎಂದು ಮುಳ್ಳನ್ನು ಮುಂದಕ್ಕೆ ತಳ್ಳಿಬಿಡುತ್ತಿದ್ದರು. ಆದರೆ ಅದು ಗಲಾಟೆಯಲ್ಲ, ಮನುಷ್ಯರ ಮಾತು. ಬೆಂಗಳೂರಿನಲ್ಲಿರುವ ಒಬ್ಬರು ಕೊಚ್ಚಿಯಲ್ಲಿರುವ ಮತ್ತೊಬ್ಬರ ಯೋಗಕ್ಷೇಮವನ್ನು ವಿಚಾರಿಸುತ್ತಿರಬಹುದು. ಧ್ವನಿಯನ್ನು ಹೊತ್ತು ತರುವ ವಾಹಕ ತರಂಗವನ್ನು ಅವರು ಕಳುಹಿಸುವ ಕಡೆಯಲ್ಲಿಯೇ ಅಡಗಿಸಿಬಿಡುತ್ತಾರೆ. ಅದನ್ನು ಪುನಃ ಕೂಡಿಸುವ ಏರ್ಪಾಟು ನಮ್ಮ ಮನೆಯ ಸೆಟ್ಟಿನಲ್ಲಿ ಇಲ್ಲದುದರಿಂದ ಮಾತು ಬಾತುಕೋಳಿಯ ಕೂಗಾಗುತ್ತದೆ. ಹೀಗೆ ಮಾತನಾಡುವವರೇ ಹವ್ಯಾಸಿ ರೇಡಿಯೋದವರು. 'ಹ್ಯಾಮ್' ಎಂಬ ಹೆಸರಿನಿಂದಲೂ ಅವರನ್ನು ಕರೆಯುತ್ತಾರೆ.

ಈ ಹವ್ಯಾಸಿಗಳು ಒಂದು ಕಾಲದಲ್ಲಿ ಬಳಸಿ ಬಿಟ್ಟ ವಾಲ್ವಿನ ಯಂತ್ರಗಳನ್ನು ಹುಡುಕಿ ತಂದು, ಧೂಳು ಕೊಡವಿ, ದುರಸ್ತಿ ಮಾಡಿ, ಅವು ಮತ್ತೆ ನುಡಿಯುವುದನ್ನು ಕೇಳಿ ಸಂತೋಷಪಡುವವರು ಅನೇಕ ದೇಶಗಳಲ್ಲಿದ್ದಾರೆ, ನಮ್ಮಲ್ಲಿಯೂ ಇದ್ದಾರೆ. ನೋಡುವವರಿಗೆ ಇದು ಬಿಡುವಿನ ಹೊತ್ತಿನ ವಿನೋದ. ವಿನೋದವೇನೋ ಹೌದು, ಆದರೆ ಇದರೊಳಗೆ ಚರಿತ್ರೆಯ ಒಂದು ಅಧ್ಯಾಯವೂ ಅಡಗಿದೆ. ನಮ್ಮ ರೇಡಿಯೋಗಳಿಗೆ ದೂರದೇಶದ ದನಿಗಳನ್ನು ತಂದುಕೊಟ್ಟ ಸಣ್ಣ ಅಲೆಯ ಮಹಿಮೆಯನ್ನು ಲೋಕಕ್ಕೆ ತೋರಿಸಿದವರಲ್ಲಿ ಹವ್ಯಾಸಿಗಳು ಮುಂದಿನ ಸಾಲಿನವರು. ಆ ಸಾಧನೆಗೆ ಸಾಕ್ಷಿಯಾದ ಯಂತ್ರಗಳಾದರೋ ಬಹುಮಟ್ಟಿಗೆ ಅಳಿದುಹೋಗಿವೆ. ಉಳಿದವನ್ನು ಹೇಗೆ ಓದಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಚರಿತ್ರೆಯನ್ನು ಸಂಗ್ರಹವಾಗಿ ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಂತಿಯಿಲ್ಲದ ವಾರ್ತೆಯನ್ನು ಬಹುದೂರ ಕಳುಹಿಸಬೇಕಾದರೆ ಅಲೆಯು ಉದ್ದವಾಗಿರಬೇಕೆಂದು ತಜ್ಞರು ನಂಬಿದ್ದರು. ದೊಡ್ಡ ಕಂಪನಿಗಳೂ ಸರ್ಕಾರಗಳೂ ಸಾವಿರಾರು ಮೀಟರು ಉದ್ದದ ಅಲೆಗಳನ್ನೂ ಆಕಾಶವನ್ನು ಮುಟ್ಟುವಂತಹ ಕಂಬಗಳನ್ನೂ ನೆಚ್ಚಿಕೊಂಡಿದ್ದವು. ಅದೇ ಕಾಲದಲ್ಲಿ ಮನೆಯ ಅಟ್ಟಗಳಲ್ಲಿ ತಂತಿ ಸುತ್ತಿ ಕಿಡಿ ಹಾರಿಸಿ ವಾರ್ತೆ ಕಳುಹಿಸುವ ಹುಡುಗರ ಗುಂಪೊಂದು ಅಮೆರಿಕದಲ್ಲಿ ಬೆಳೆದಿತ್ತು. ಅವರಿಂದ ಹಡಗುಗಳ ವಾರ್ತೆಗೆ ಅಡ್ಡಿಯಾಗುತ್ತದೆಂಬ ದೂರು ಬಂದಿತು. ೧೯೧೨ರಲ್ಲಿ ಅಲ್ಲಿಯ ಸರ್ಕಾರವು ಒಂದು ಶಾಸನ ಮಾಡಿ, ಹವ್ಯಾಸಿಗಳು ೨೦೦ ಮೀಟರು ಮತ್ತು ಅದಕ್ಕಿಂತ ಚಿಕ್ಕ ಅಲೆಗಳಲ್ಲಿ ಮಾತ್ರ ಇರತಕ್ಕದ್ದೆಂದು ವಿಧಿಸಿತು. ಆ ಅಲೆಗಳಿಂದ ಯಾರಿಗೂ ದೊಡ್ಡ ಪ್ರಯೋಜನವಿಲ್ಲವೆಂಬುದು ಅಂದಿನ ತಿಳಿವಳಿಕೆ. ಊರಾಚೆಯ ಬರಡು ನೆಲವನ್ನು ಬೇಡದ ಮಕ್ಕಳಿಗೆ ಪಾಲು ಕೊಟ್ಟ ಹಾಗಾಯಿತು.

ಆ ಬರಡು ನೆಲದಲ್ಲಿಯೇ ನಿಧಿಯಿತ್ತು. ೧೯೨೧ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲೆ ಎಂಬ ಅಮೆರಿಕದ ಹವ್ಯಾಸಿಯು ಸ್ಕಾಟ್‌ಲೆಂಡಿನ ಆರ್ಡ್ರೋಸನ್ ಎಂಬ ಕಡಲತೀರದಲ್ಲಿ ಡೇರೆ ಹಾಕಿಕೊಂಡು, ಚಳಿಗಾಳಿಯಲ್ಲಿ ಕುಳಿತು, ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದ ಹವ್ಯಾಸಿಗಳ ಸಂಕೇತಗಳನ್ನು ಕೇಳಿದನು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ಡೆಲಾಯ್ ಎಂಬಾತನು ಅಮೆರಿಕದ ಫ್ರೆಡ್ ಷ್ನೆಲ್, ಜಾನ್ ರೈನಾರ್ಟ್ಸ್ ಎಂಬುವರೊಡನೆ ಸುಮಾರು ೧೧೦ ಮೀಟರಿನ ಅಲೆಯಲ್ಲಿ ಪ್ರಶ್ನೋತ್ತರವಾಗಿ ಸಂಭಾಷಿಸಿದನು. ಹವ್ಯಾಸಿಗಳ ನಡುವೆ ಆ ಸಾಗರದ ಮೇಲೆ ಎರಡು ಕಡೆಯಿಂದಲೂ ಮಾತು ನಡೆದದ್ದು ಅದೇ ಮೊದಲು. ಅಲೆ ಚಿಕ್ಕದಾದಷ್ಟೂ ಅದರ ಕಾಲು ಉದ್ದವೆಂಬ ಅನುಮಾನ ಎಲ್ಲರಲ್ಲಿಯೂ ಮೊಳೆಯಿತು.

ಮರುವರ್ಷವೇ ಇನ್ನೂ ದೊಡ್ಡದೊಂದು ಸಂಗತಿ ನಡೆಯಿತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಷಾಗ್ ಕಣಿವೆ ಎಂಬುದೊಂದು ಸ್ಥಳವಿದೆ. ಅಲ್ಲಿ ಕುರಿಸಾಕಣೆಯ ಮನೆತನದ ಫ್ರ್ಯಾಂಕ್ ಬೆಲ್ ಎಂಬಾತನು ತಾನೇ ಜೋಡಿಸಿದ ಯಂತ್ರದಿಂದ ೧೯೨೪ರ ಅಕ್ಟೋಬರ್ ೧೮ರಂದು ಸಂಕೇತ ಕಳುಹಿಸಿದನು. ಅದಕ್ಕೆ ಉತ್ತರ ಬಂದದ್ದು ಲಂಡನ್ನಿನ ಮಿಲ್ ಹಿಲ್ ಎಂಬ ಶಾಲೆಯಿಂದ. ಉತ್ತರ ಕೊಟ್ಟವನು ಹದಿನೆಂಟು ವರ್ಷದ ವಿದ್ಯಾರ್ಥಿ. ಹೆಸರು ಸೆಸಿಲ್ ಗಾಯ್ಡರ್. ಭೂಗೋಲದ ಈ ಮಗ್ಗುಲಿಗೂ ಆ ಮಗ್ಗುಲಿಗೂ ನಡುವೆ, ಸುಮಾರು ೧೯,೦೦೦ ಕಿಲೋಮೀಟರುಗಳ ಅಂತರದಲ್ಲಿ, ಇಬ್ಬರು ಹವ್ಯಾಸಿಗಳು ಮಾರ್ಸ್ ಸಂಕೇತದಲ್ಲಿ ಮಾತನಾಡಿಕೊಂಡರು. ಪಾಠ ಹೇಳುವ ನನ್ನಂಥವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದು ಶಾಲೆಯವರು ತಮ್ಮ ಹುಡುಗರಿಗೆ ಒಂದು ಕೋಣೆಯನ್ನೂ ಒಂದಿಷ್ಟು ತಂತಿಯನ್ನೂ ಕೊಟ್ಟು ನಂಬಿಕೆಯಿಟ್ಟದ್ದರಿಂದ ಇದು ಸಾಧ್ಯವಾಯಿತು.

ಅಲೆಯು ಭೂಮಿಯ ಉಬ್ಬನ್ನು ಹೇಗೆ ದಾಟಿತೆಂದು ನೀವು ಕೇಳಬಹುದು. ವಾಯುಮಂಡಲದ ಮೇಲುಭಾಗದಲ್ಲಿ ವಿದ್ಯುತ್ತನ್ನು ಹೊಂದಿದ ಪದರವೊಂದಿರಬೇಕೆಂದು ಕೆನೆಲಿ, ಹೆವಿಸೈಡ್ ಎಂಬ ವಿದ್ವಾಂಸರು ೧೯೦೨ರಲ್ಲಿಯೇ ಊಹಿಸಿದ್ದರು. ಗಾಯ್ಡರ್ ಮತ್ತು ಬೆಲ್ ಮಾತನಾಡಿದ ಎರಡೇ ತಿಂಗಳಲ್ಲಿ, ೧೯೨೪ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಆಪಲ್ಟನ್ ಎಂಬ ವಿಜ್ಞಾನಿಯು ಆ ಪದರವಿರುವುದನ್ನು ಪ್ರಯೋಗದಿಂದ ತೋರಿಸಿದನು. ಸಣ್ಣ ಅಲೆಯು ಮೇಲೇರಿ ಅಂತಹ ಪದರಗಳಲ್ಲಿ ಬಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿ ಪುನಃ ಮೇಲೇರುತ್ತದೆ. ಹೀಗೆ ನೆಗೆನೆಗೆಯುತ್ತ ಸಮುದ್ರಗಳನ್ನು ದಾಟುತ್ತದೆ. ಹವ್ಯಾಸಿಗಳು ಕಾರಣ ತಿಳಿಯುವ ಮೊದಲೇ ಕಾರ್ಯವನ್ನು ಮಾಡಿ ತೋರಿಸಿದ್ದರು.

ಈ ಕಥೆಗೂ ನಮಗೂ ಏನು ಸಂಬಂಧ? ಹತ್ತಿರದ ಸಂಬಂಧವೇ ಇದೆ. ಆ ಶಾಲಾ ಹುಡುಗನಾದ ಸೆಸಿಲ್ ಗಾಯ್ಡರ್ ಬೆಳೆದು ಎಂಜಿನಿಯರಾಗಿ, ೧೯೩೬ರಲ್ಲಿ ಭಾರತಕ್ಕೆ ಬಂದು, ಆಗತಾನೆ ಆಲ್ ಇಂಡಿಯಾ ರೇಡಿಯೋ ಎಂದು ಹೆಸರು ಪಡೆದಿದ್ದ ಸಂಸ್ಥೆಯ ಮುಖ್ಯ ಎಂಜಿನಿಯರಾದನು. ಈ ವಿಸ್ತಾರವಾದ ದೇಶದ ಮೂಲೆಮೂಲೆಗಳನ್ನು ಮಧ್ಯಮ ಅಲೆಯ ಕೆಲವೇ ನಿಲಯಗಳಿಂದ ಮುಟ್ಟುವುದು ಅಂದಿನ ಹಣದಲ್ಲಿ ಆಗದ ಮಾತು. ೧೯೩೮ರ ಹೊತ್ತಿಗೆ ದೆಹಲಿ, ಮುಂಬಯಿ, ಮದರಾಸು, ಕಲ್ಕತ್ತೆಗಳಲ್ಲಿ ಸಣ್ಣ ಅಲೆಯ ಪ್ರಸಾರ ಯಂತ್ರಗಳು ನಿಂತವು. ನಮ್ಮ ತಂದೆತಾತಂದಿರು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿ, ಮಾಳಿಗೆಯ ಮೇಲೆ ಏರಿಯಲ್ ಬಿಗಿದು, ದೂರದ ನಿಲಯಗಳ ಸಂಗೀತವನ್ನು ಕೇಳಿದರಲ್ಲ, ಅದರ ಹಿಂದೆ ಹವ್ಯಾಸಿ ಹುಡುಗನೊಬ್ಬನ ಒಂದು ರಾತ್ರಿಯ ಅನುಭವವೂ ಸೇರಿಕೊಂಡಿತ್ತು.

ನಮ್ಮ ಕಡೆಯ ಹವ್ಯಾಸಿಗಳೂ ಹಿಂದೆ ಬಿದ್ದವರಲ್ಲ. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರು ೧೯೨೪ರ ಮೇ ತಿಂಗಳಲ್ಲಿ ರೇಡಿಯೋ ಕ್ಲಬ್ಬೊಂದನ್ನು ಕಟ್ಟಿ, ೪೦ ವಾಟಿನ ಯಂತ್ರದಿಂದ ಅದೇ ಜುಲೈ ೩೧ರಂದು ಪ್ರಸಾರವನ್ನು ಆರಂಭಿಸಿದರು. ಹಣದ ಮುಗ್ಗಟ್ಟಿನಿಂದ ಅದು ೧೯೨೭ರಲ್ಲಿ ನಿಂತುಹೋಯಿತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವಾಟಿನ ಪ್ರಸಾರ ಯಂತ್ರವನ್ನಿಟ್ಟು ನಿಲಯವನ್ನು ನಡೆಸಿದರು. ಆಮೇಲೆ ಅದು ೨೫೦ ವಾಟಿಗೆ ಏರಿತು. ಮೂವತ್ತು ವಾಟು ಎಂದರೆ ಮನೆಯ ಒಂದು ಮಂಕು ದೀಪದ ಶಕ್ತಿ. ಆ ಮಂಕು ದೀಪದ ನಿಲಯಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ೧೯೫೭ರಿಂದ ಇಡೀ ದೇಶದ ಪ್ರಸಾರಕ್ಕೆ ಹೆಸರಾದದ್ದನ್ನು ಕನ್ನಡಿಗರು ಮರೆಯುವಂತಿಲ್ಲ.

ಹೀಗಿರುವಾಗ ಆ ಕಾಲದ ಯಂತ್ರಗಳು ನಮ್ಮ ಕಣ್ಣಿಗೆ ಏಕೆ ಬೀಳುವುದಿಲ್ಲ? ಮೊದಲನೆಯ ಕಾರಣ ಹವ್ಯಾಸಿಯ ಸ್ವಭಾವವೇ. ಅವನು ಬಡ ಕಲೆಗಾರ. ಹೊಸ ಯಂತ್ರ ಕಟ್ಟಬೇಕಾದಾಗ ಹಳೆಯದನ್ನು ಬಿಚ್ಚಿ ಅದರ ವಾಲ್ವು, ಸುರುಳಿ, ಕಂಡೆನ್ಸರುಗಳನ್ನೇ ಬಳಸಿಕೊಳ್ಳುತ್ತಾನೆ. ಎರಡನೆಯ ಕಾರಣ ಯುದ್ಧ. ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದೊಡನೆ, ಭಾರತದ ಹವ್ಯಾಸಿಗಳೆಲ್ಲರೂ ತಮ್ಮ ಪ್ರೇಷಕ ಯಂತ್ರಗಳನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ಆಜ್ಞೆಯಾಯಿತು. ಆದರೂ ಅವರ ಕೈಯ ವಿದ್ಯೆಯನ್ನು ಒಪ್ಪಿಸಿಕೊಳ್ಳುವುದು ಯಾರಿಗೂ ಸಾಧ್ಯವಿರಲಿಲ್ಲ. ೧೯೪೨ರ ಆಗಸ್ಟಿನಲ್ಲಿ, ಗಾಂಧೀಜಿಯವರ 'ಭಾರತ ಬಿಟ್ಟು ತೊಲಗಿ' ಕರೆಯ ಬೆನ್ನಲ್ಲಿಯೇ, ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋವನ್ನು ನಡೆಸಿದರು. ಅದರ ಯಂತ್ರಕ್ಕೆ ನೆರವಾದವರಲ್ಲಿ ನಾರಿಮನ್ ಪ್ರಿಂಟರ್ ಎಂಬ ಹವ್ಯಾಸಿಯೂ ಇದ್ದರು. ಪೊಲೀಸರ ಕಣ್ಣು ತಪ್ಪಿಸಲು ಮನೆಯಿಂದ ಮನೆಗೆ ಯಂತ್ರವನ್ನು ಸಾಗಿಸುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಅವರು ಸೆರೆಯಾದರು. ಯಂತ್ರವೂ ಪೊಲೀಸರ ವಶವಾಯಿತು. ಅದು ಪ್ರಸಾರವಾಗುತ್ತಿದ್ದ ಅಲೆ ೪೨.೩೪ ಮೀಟರು. ಈ ಅಂಕಿಯನ್ನು ನೆನಪಿನಲ್ಲಿಡಿ. ಕಡೆಯಲ್ಲಿ ಅದರ ಮಾತು ಬರುತ್ತದೆ.

ಯುದ್ಧ ಮುಗಿದ ಮೇಲೆ ಮತ್ತೊಂದು ಬಗೆಯ ಯಂತ್ರಗಳು ಹವ್ಯಾಸಿಗಳ ಮನೆ ಸೇರಿದವು. ಸೈನ್ಯಕ್ಕಾಗಿ ರಾಶಿರಾಶಿಯಾಗಿ ತಯಾರಾಗಿದ್ದ ರೇಡಿಯೋಗಳು ಅನೇಕ ದೇಶಗಳಲ್ಲಿ ಅಗ್ಗದ ಬೆಲೆಗೆ ಮಾರಾಟವಾದವು. ಬ್ರಿಟಿಷ್ ಬಾಂಬರ್ ವಿಮಾನಗಳ ಆರ್. ೧೧೫೫, ಅಮೆರಿಕದ ವಿಮಾನಗಳ ಬಿ.ಸಿ. ೩೪೮ ಎಂಬ ಗ್ರಾಹಕಗಳು ಹಳೆಯ ಹವ್ಯಾಸಿಗಳ ಬಾಯಲ್ಲಿ ಮನೆಮಾತು. ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳು ದುರಸ್ತಿಯಾಗುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಬಿ.ಸಿ. ೩೪೮ ವಿಮಾನದ ೨೮ ವೋಲ್ಟಿನ ವಿದ್ಯುತ್ತಿನಿಂದ ನಡೆಯುವಂಥದು. ಹವ್ಯಾಸಿಯು ಅದರೊಳಗಿನ ತಿರುಗುವ ಯಂತ್ರವನ್ನು ಕಿತ್ತು, ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರನ್ನು ಕೂರಿಸಿ, ಮನೆಯ ವಿದ್ಯುತ್ತಿನಿಂದ ನಡೆಯುವಂತೆ ಮಾಡಿಕೊಂಡನು. ಕತ್ತಿಯನ್ನು ಮುರಿದು ಕುಡುಗೋಲು ಮಾಡಿದ ಹಾಗೆ.

ಅಂತಹ ಒಂದು ಯಂತ್ರ ಗುಜರಿಯ ರಾಶಿಯಿಂದ ನನ್ನ ಕೈಗೂ ಬಂದಿತು. ನನ್ನದು ಕನ್ನಡ ಪಂಡಿತನ ವಿದ್ಯೆ, ವಿದ್ಯುತ್ತಿನದಲ್ಲ. ಆದರೂ ಅದನ್ನು ಬಿಚ್ಚಿ ನೋಡಿದಾಗ ನನಗೆ ಅಪರಿಚಿತವಾದ ಲೋಕವೆನ್ನಿಸಲಿಲ್ಲ. ಓಲೆಗರಿಯ ಕಟ್ಟನ್ನು ಬಿಚ್ಚಿದ ಅನುಭವವೇ ಆಯಿತು. ಹುಳು ತಿಂದ ಗರಿಯಂತೆ ಇಲ್ಲಿ ಮೇಣ ಕರಗಿದ ಕಂಡೆನ್ಸರುಗಳು. ಅಕ್ಷರ ಮಾಸಿದಂತೆ ಇಲ್ಲಿ ಬಣ್ಣ ಮಾಸಿದ ತಂತಿಗಳು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ಪಾಠವನ್ನು ನಿರ್ಣಯಿಸುವಂತೆ, ಇಲ್ಲಿ ಯಂತ್ರವನ್ನು ಅದರ ಮಂಡಲದ ನಕ್ಷೆಯೊಡನೆ ಹೋಲಿಸಿ ನೋಡಬೇಕು. ನಕ್ಷೆಯಲ್ಲಿಲ್ಲದುದು ಯಂತ್ರದಲ್ಲಿದ್ದರೆ ಅದು ಪ್ರಕ್ಷಿಪ್ತ.

ಆದರೆ ಮೊದಲ ದಿನವೇ ನಾನು ಒಂದು ಅಪರಾಧ ಮಾಡಿದೆ. ಮುಚ್ಚಳದ ಒಳಮೈಗೆ ಜಿಡ್ಡೂ ಧೂಳೂ ಹತ್ತಿದ್ದವು. ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉತ್ಸಾಹದಿಂದ ಒರೆಸಿದೆ. ಅರ್ಧ ಒರೆಸಿದ ಮೇಲೆ, ಜಿಡ್ಡಿನ ಕೆಳಗೆ ಪೆನ್ಸಿಲಿನ ಬರಹವಿದ್ದುದು ಕಣ್ಣಿಗೆ ಬಿತ್ತು. ಒಂದು ತಾರೀಖಿನ ಕೊನೆಯಲ್ಲಿ ೧೯೫೧ ಎಂಬ ಅಂಕಿ. ಅದರ ಕೆಳಗೆ ವಿಯು೨ ಎಂಬಷ್ಟು ಮಾತ್ರ. ಅದು ಭಾರತದ ಹವ್ಯಾಸಿಗಳ ಕರೆಸಂಕೇತದ ಆರಂಭ. ಅದರ ಮುಂದೆ ಇರಬೇಕಾಗಿದ್ದ, ಆ ಮನುಷ್ಯನು ಇಂಥವನೇ ಎಂದು ಗುರುತಿಸುವ ಅಕ್ಷರಗಳು ನನ್ನ ಬಟ್ಟೆಗೆ ಹತ್ತಿದ್ದವು. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ತಂತಿಯನ್ನು ಮತ್ತೆ ಸುತ್ತಿಸಬಹುದು. ಆ ಅಕ್ಷರಗಳನ್ನು ತರುವ ಬಗೆ ಯಾವುದು? ತ್ರುಟಿತ ಭಾಗವನ್ನು ಊಹೆಯಿಂದ ತುಂಬಬಾರದು, ಇದ್ದುದನ್ನು ಅಳಿಸಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವ ನಾನೇ ಲಿಪಿಕಾರನ ಹೆಸರನ್ನು ಅಳಿಸಿಬಿಟ್ಟಿದ್ದೆ.

ಆದುದರಿಂದ ಈ ಹವ್ಯಾಸಕ್ಕೆ ಕೈಯಿಡುವವರಿಗೆ ನನ್ನ ಮೊದಲ ಮಾತು ಇದು: ಒರೆಸುವ ಮೊದಲು ಓದಿ. ಮುಚ್ಚಳ ತೆಗೆದೊಡನೆ ಎಲ್ಲ ಕಡೆಯಿಂದಲೂ ಚಿತ್ರ ತೆಗೆದುಕೊಳ್ಳಿ. ಎಲ್ಲಿ ಏನಿತ್ತೆಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

ಎರಡನೆಯದು, ಆತುರದಿಂದ ವಿದ್ಯುತ್ ಕೊಡಬೇಡಿ. ಹತ್ತಾರು ವರ್ಷ ಮಲಗಿದ್ದ ಯಂತ್ರದಲ್ಲಿ ಕಂಡೆನ್ಸರುಗಳು ಒಣಗಿರುತ್ತವೆ ಅಥವಾ ಸೋರುತ್ತಿರುತ್ತವೆ. ಒಂದೇ ನಿಮಿಷದಲ್ಲಿ ಟ್ರಾನ್ಸ್‌ಫಾರ್ಮರನ್ನು ಸುಟ್ಟುಬಿಡಬಲ್ಲವು. ನಮ್ಮ ರೇಡಿಯೋ ಮೆಕ್ಯಾನಿಕ್ಕುಗಳು ತಂತಿಯ ಸಾಲಿನಲ್ಲಿ ಒಂದು ದೀಪದ ಬಲ್ಬನ್ನು ಸೇರಿಸಿ ಪರೀಕ್ಷಿಸುವ ಕ್ರಮ ಬಹು ಒಳ್ಳೆಯದು. ಬಲ್ಬು ಪ್ರಖರವಾಗಿ ಉರಿದರೆ ಒಳಗೆ ರೋಗವಿದೆಯೆಂದು ಅರ್ಥ. ಮೇಣದ ಕಾಗದದ ಕಂಡೆನ್ಸರುಗಳನ್ನು ಬದಲಾಯಿಸಿ. ಇಂಗಾಲದ ರೆಸಿಸ್ಟರುಗಳ ಬೆಲೆ ಕಾಲಕ್ರಮದಲ್ಲಿ ಏರಿರುತ್ತದೆ, ಅಳೆದು ನೋಡಿ. ವಾಲ್ವಿನ ಗಾಜಿನ ಒಳಗೆ ಕನ್ನಡಿಯಂತಹ ಬೆಳ್ಳಿಬಣ್ಣದ ಲೇಪವಿರುತ್ತದೆ. ಅದು ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವಿನ ಆಯುಸ್ಸು ತೀರಿತು. ಒಳಗಿರುವ ತಿರುಪುಗಳನ್ನು ಸಡಿಲವಾಗಿವೆಯೆಂದು ತಿರುಗಿಸಬೇಡಿ. ಅವು ಶ್ರುತಿಯ ಬಿರಡೆಗಳು. ಜೀವಕ್ಕೆ ಸಂಬಂಧಿಸಿದ ಮಾತನ್ನೂ ಹೇಳಬೇಕು. ಇಂತಹ ಗ್ರಾಹಕಗಳಲ್ಲಿ ೨೦೦–೩೦೦ ವೋಲ್ಟು, ದೊಡ್ಡ ಪ್ರೇಷಕಗಳಲ್ಲಿ ಸಾವಿರವನ್ನು ಮೀರಿದ ವೋಲ್ಟು ಇರುತ್ತದೆ. ಸ್ವಿಚ್ಚು ಆರಿಸಿದ ಮೇಲೆಯೂ ಕಂಡೆನ್ಸರಿನಲ್ಲಿ ವಿದ್ಯುತ್ತು ಹೊಂಚುಹಾಕಿ ಕುಳಿತಿರುತ್ತದೆ. ಬಲ್ಲವರನ್ನು ಪಕ್ಕದಲ್ಲಿಟ್ಟುಕೊಂಡು ಕಲಿಯಿರಿ; ಮಕ್ಕಳನ್ನು ದೂರವಿಡಿ. ಪ್ರೇಷಕ ಯಂತ್ರವನ್ನು ನಡೆಸುವುದಕ್ಕಂತೂ ಸರ್ಕಾರದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಅನುಮತಿ ಪಡೆಯಲೇಬೇಕು.

ಇಲ್ಲಿ ಒಂದು ಜಿಜ್ಞಾಸೆ ಏಳುತ್ತದೆ. ನನ್ನ ಯಂತ್ರಕ್ಕೆ ಆ ಅಜ್ಞಾತ ಹವ್ಯಾಸಿ ಟ್ರಾನ್ಸ್‌ಫಾರ್ಮರು ಕೂರಿಸಿದ್ದನಷ್ಟೆ. ವಿಮಾನದಲ್ಲಿದ್ದ ಮೂಲರೂಪವೇ ಶುದ್ಧಪಾಠವೆಂದು ಅದನ್ನು ಕಿತ್ತುಹಾಕಬೇಕೆ? ಹಾಗೆ ಮಾಡುವವರು ಇದ್ದಾರೆ, ಅವರ ಶ್ರದ್ಧೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯೋಚಿಸಿದಷ್ಟೂ ನನಗೆ ಬೇರೆಯಾಗಿ ತೋರಿತು. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ಸಾವಿರಾರು ಗ್ರಾಹಕಗಳು ಹುಟ್ಟಿದವು. ಆ ಟ್ರಾನ್ಸ್‌ಫಾರ್ಮರನ್ನು ಕೂರಿಸಲು ತಗಡನ್ನು ಕೈಯಿಂದ ಅರೆದು, ಸೀಸದ ಬೆಸುಗೆಯನ್ನು ತುಸು ಒರಟಾಗಿಯೇ ಹಾಕಿದ ಯಂತ್ರ ಇದೊಂದೇ. ಮೂಲಗ್ರಂಥಕ್ಕೆ ಪ್ರಕ್ಷಿಪ್ತ ದೋಷವಾಗಬಹುದು; ಹವ್ಯಾಸಿಯ ಚರಿತ್ರೆಗೆ ಪ್ರಕ್ಷಿಪ್ತವೇ ಮೂಲಗ್ರಂಥ. ಅಪಾಯವಿದ್ದ ಹಳೆಯ ರಬ್ಬರಿನ ತಂತಿಗಳನ್ನು ಮಾತ್ರ ತೆಗೆದು ಹೊಸದನ್ನು ಹಾಕಿದೆ. ತೆಗೆದ ಕಂಡೆನ್ಸರುಗಳನ್ನು ಎಸೆಯದೆ, ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಅವನ ಬೆಸುಗೆ ಹಾಗೆಯೇ ಇದೆ.

ಇನ್ನು ಆನಂದದ ಮಾತು. ಸ್ವಿಚ್ಚು ಒತ್ತಿದೊಡನೆ ಈ ಯಂತ್ರ ಮಾತನಾಡುವುದಿಲ್ಲ. ವಾಲ್ವುಗಳು ಕೆಂಪಗೆ ಕಾಯಬೇಕು. ಕಾದ ಧೂಳು, ಮೇಣ, ಮೆರುಗೆಣ್ಣೆಗಳ ವಾಸನೆ ಕೋಣೆಯನ್ನು ತುಂಬುತ್ತದೆ. ಅರ್ಧ ನಿಮಿಷ ಕಳೆದ ಮೇಲೆ ದೂರದ ಮಳೆಯಂತೆ ಒಂದು ಸದ್ದು ಏಳುತ್ತದೆ. ತಿರುಗಣೆಯನ್ನು ೭ ಮೆಗಾಹರ್ಟ್ಸಿನ ಕಡೆಗೆ ತಂದರೆ ಆ ಬಾತುಕೋಳಿಗಳು ಸಿಕ್ಕುತ್ತವೆ. ಹವ್ಯಾಸಿಯ ಗ್ರಾಹಕದಲ್ಲಿ, ಕಳೆದುಹೋದ ವಾಹಕ ತರಂಗವನ್ನು ಕೂಡಿಸುವ ಗುಂಡಿಯೊಂದಿದೆ. ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತ ಬಂದರೆ, ಒಂದು ಬಿಂದುವಿನಲ್ಲಿ ಕೂಗು ಮಾಯವಾಗಿ ಸ್ಪಷ್ಟವಾದ ಮಾನವಕಂಠ ಹೊರಡುತ್ತದೆ. ಯಾರೋ ತಮ್ಮ ಊರಿನ ಮಳೆಯ ವಿಚಾರ ಹೇಳುತ್ತಿರುತ್ತಾರೆ. ವಿಷಯ ಸಾಮಾನ್ಯವಾದುದೇ. ಆದರೆ ನಡುವೆ ಕಂಬವಿಲ್ಲ, ತಂತಿಯಿಲ್ಲ, ಕಂಪನಿಯಿಲ್ಲ.

ಈಗ ೪೨.೩೪ರ ಮಾತು. ಆ ಅಲೆಯನ್ನು ಲೆಕ್ಕ ಹಾಕಿದರೆ ೭.೦೮ ಮೆಗಾಹರ್ಟ್ಸ್ ಆಗುತ್ತದೆ. ಹವ್ಯಾಸಿಗಳು '೪೦ ಮೀಟರ್' ಎಂದು ಕರೆಯುವ ಪಟ್ಟಿ ನಮ್ಮ ದೇಶದಲ್ಲಿ ೭ರಿಂದ ೭.೨ ಮೆಗಾಹರ್ಟ್ಸಿನವರೆಗೆ ಇದೆ. ಎಂದರೆ ೧೯೪೨ರಲ್ಲಿ ಉಷಾ ಮೆಹ್ತಾ ಅವರ ದನಿ ದೇಶದ ಮೇಲೆ ಹಾದುಹೋದದ್ದು ಹವ್ಯಾಸಿಗಳ ಈ ಓಣಿಯಲ್ಲಿಯೇ. ನನ್ನ ಯಂತ್ರದ ಮುಳ್ಳು ಆ ಜಾಗವನ್ನು ದಾಟುವಾಗ ನಾನು ಕೈಯನ್ನು ತುಸು ನಿಲ್ಲಿಸುತ್ತೇನೆ.

ನಿಮ್ಮ ಮನೆಯ ಅಟ್ಟದಲ್ಲಿಯೋ, ತೀರಿಹೋದ ಹಿರಿಯರ ಪೆಟ್ಟಿಗೆಯಲ್ಲಿಯೋ ಹಳೆಯ ರೇಡಿಯೋ ಯಂತ್ರ, ಅಂಕಿ ಸಂಕೇತಗಳನ್ನು ಬರೆದ ದಿನಚರಿ, ಅಥವಾ ದೂರದೇಶದಿಂದ ಬಂದ, ದೊಡ್ಡ ಅಕ್ಷರದಲ್ಲಿ ಕರೆಸಂಕೇತ ಅಚ್ಚಾದ ಕಾರ್ಡುಗಳು ಇದ್ದರೆ, ದಯವಿಟ್ಟು ಅವನ್ನು ತೂಕಕ್ಕೆ ಹಾಕುವ ಮೊದಲು ಬಲ್ಲವರೊಬ್ಬರಿಗೆ ತೋರಿಸಿ. ದುರಸ್ತಿ ಮಾಡುವವರು ಹತ್ತಿರದಲ್ಲಿ ಸಿಕ್ಕದಿದ್ದರೂ ಚಿಂತೆಯಿಲ್ಲ. ಯಾರದು, ಯಾವ ವರ್ಷದ್ದು ಎಂದು ಒಂದು ಚೀಟಿ ಬರೆದು ಒಳಗಿಡಿ. ನನ್ನ ಯಂತ್ರದ ಮುಚ್ಚಳದಲ್ಲಿ ವಿಯು೨ ಎಂಬುದರ ಮುಂದಿನ ಜಾಗ ಖಾಲಿಯಾಗಿಯೇ ಇದೆ. ಅಲ್ಲಿ ನಾನು ಏನನ್ನೂ ಬರೆದಿಲ್ಲ.